ತಂತ್ರಾಂಶದಲ್ಲಿ ಒಂದು ಬದಲಾವಣೆ ಎಷ್ಟು ದೂರ ಹೋಗುತ್ತದೆ?



ನಾನು ಆರಿಸಿಕೊಂಡಿರುವ ವಿಷಯ ಆಬ್ಜೆಕ್ಟ್ ಓರಿಯೆಂಟೆಡ್ ತಂತ್ರಾಂಶದಲ್ಲಿ ಮಾಡ್ಯುಲಾರಿಟಿಯನ್ನು ಅಳೆಯುವ ಬಗೆ. ದೊಡ್ಡ ತಂತ್ರಾಂಶವನ್ನು ಒಬ್ಬರೇ ಒಂದೇ ಏಟಿಗೆ ಬರೆಯಲಾಗುವುದಿಲ್ಲ. ಅದನ್ನು ತುಂಡು ತುಂಡಾಗಿ ಕಟ್ಟುತ್ತೇವೆ. ಆ ತುಂಡುಗಳೇ ಮಾಡ್ಯೂಲ್‌ಗಳು. ತುಂಡು ಮಾಡುವುದು ಕಷ್ಟವೇನಲ್ಲ, ಯಾರು ಬೇಕಾದರೂ ಮಾಡಬಹುದು. ಸರಿಯಾದ ಕಡೆ ತುಂಡರಿಸಿದ್ದೇವೆಯೇ ಎಂದು ತಿಳಿಯುವುದು ಕಷ್ಟ. ಅದನ್ನು ಅಂಕಿಯಲ್ಲಿ ಹೇಳಲು ಸಾಧ್ಯವೇ ಎಂಬುದು ಐವತ್ತು ವರ್ಷ ದಾಟಿದ ಪ್ರಶ್ನೆ. ಮೊದಲು ಈ ಯೋಚನೆ ಎಲ್ಲಿಂದ ಬಂತು ಎಂದು ನೋಡೋಣ. ಆಮೇಲೆ ಒಂದು ಕ್ಲಾಸನ್ನು ಅಳೆಯುವ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ಮೂರನೆಯದಾಗಿ ಇಡೀ ತಂತ್ರಾಂಶದ ಅಳತೆಗೆ ಬರುತ್ತೇನೆ. ಕೊನೆಗೆ, ಅಳತೆಯೇ ಗುರಿಯಾದಾಗ ಏನಾಗುತ್ತದೆಂದು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಪುಸ್ತಕದಿಂದಲ್ಲ. 1990ರ ದಶಕದ ಕೊನೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಗ್ರಂಥಾಲಯಕ್ಕೆ ಕನ್ನಡ ಪುಸ್ತಕಗಳ ಕ್ಯಾಟಲಾಗ್ ತಂತ್ರಾಂಶ ಬರೆದೆವು. ಆಗ ಕನ್ನಡ ಅಕ್ಷರವನ್ನು ಗಣಕದಲ್ಲಿ ಇಡುತ್ತಿದ್ದದ್ದು ಅದರ ಆಕಾರದ ಚೂರುಗಳಾಗಿ. ಕಣ್ಣಿಗೆ ಕಾಣುವ ಕ್ರಮದಲ್ಲೇ ಸಂಕೇತಗಳು ಸಾಲಾಗಿ ಕೂರುತ್ತಿದ್ದವು. ‘ಸೂರ್ಯ’ ಎಂದು ಬರೆದರೆ ‘ಸೂ’ ಆದ ಮೇಲೆ ‘ಯ’, ಅದರ ಹಿಂದೆ ಅರ್ಕಾವೊತ್ತು. ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರ ಕಡತದಲ್ಲಿ ಕೊನೆಗೆ. ಮುದ್ರಣಕ್ಕೆ ಇದರಿಂದ ತೊಂದರೆಯಿಲ್ಲ. ಅಕಾರಾದಿಯಾಗಿ ಜೋಡಿಸಲು ಹೊರಟರೆ ಮಾತ್ರ ‘ಸೂರ್ಯ’ ‘ಸೂ’ ಆದ ಮೇಲೆ ಯಕಾರ ಬರುವ ಪದಗಳ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಅದನ್ನು ತಿದ್ದುವ ಸಾಲುಗಳನ್ನು ನಾವು ಜೋಡಣೆಯ ಭಾಗದಲ್ಲಿ ಬರೆದೆವು. ಹುಡುಕಾಟದಲ್ಲೂ ಅದೇ ತೊಂದರೆ ಕಾಣಿಸಿತು, ಅಲ್ಲಿಯೂ ಬರೆದೆವು. ಚೀಟಿ ಮುದ್ರಣದಲ್ಲಿ, ಸದಸ್ಯರ ಪಟ್ಟಿಯಲ್ಲಿ, ವರ್ಷದ ವರದಿಯಲ್ಲಿ, ಎಲ್ಲ ಕಡೆ ಬರೆದೆವು. ಬರೆಯುವಾಗ ಅದು ಜಾಣತನವೆಂದೇ ತೋರಿತ್ತು.

ಕೆಲವು ವರ್ಷಗಳ ಬಳಿಕ ಯೂನಿಕೋಡ್‌ಗೆ ಬದಲಾಗಬೇಕಾಯಿತು. ಯೂನಿಕೋಡ್‌ನಲ್ಲಿ ಅಕ್ಷರ ಕೂರುವುದು ಉಚ್ಚಾರಣೆಯ ಕ್ರಮದಲ್ಲಿ. ‘ಕ್ಷ’ ಎಂದರೆ ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ. ‘ಅಕ್ಷರವನ್ನು ಹೀಗೆ ಇಡುತ್ತೇವೆ’ ಎಂಬ ನಮ್ಮ ಒಂದೇ ಒಂದು ತೀರ್ಮಾನ ಬದಲಾಗಬೇಕಿತ್ತು, ಅಷ್ಟೆ. ಆದರೆ ಆ ತೀರ್ಮಾನ ತಂತ್ರಾಂಶದ ಮೂಲೆ ಮೂಲೆಗೂ ಒಸರಿಹೋಗಿತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ತಿಂಗಳುಗಟ್ಟಲೆ ದುಡಿದು ಕೊನೆಗೆ ಎಲ್ಲವನ್ನೂ ಹೊಸದಾಗಿ ಬರೆದೆವು. ನಮಗೆ ಕೋಡ್ ಬರೆಯಲು ಬರುತ್ತಿರಲಿಲ್ಲ ಎಂದಲ್ಲ. ಎಲ್ಲಿ ತುಂಡರಿಸಬೇಕೆಂಬುದು ತಿಳಿದಿರಲಿಲ್ಲ.

ಈಗ ಮೊದಲ ಭಾಗಕ್ಕೆ ಬರೋಣ. ನಾವು ಬೆವರಿಳಿಸಿ ಕಲಿತದ್ದನ್ನು ಡೇವಿಡ್ ಪಾರ್ನಸ್ ಎಂಬ ಗಣಕ ವಿಜ್ಞಾನಿ 1972ರಲ್ಲೇ ಬರೆದಿಟ್ಟಿದ್ದರು. ಆಗ ಅವರು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದರು. ಅವರು ಎತ್ತಿಕೊಂಡ ಉದಾಹರಣೆಯೂ ಒಂದು ಸೂಚಿಯದೇ, ಅಂದರೆ ಗ್ರಂಥಪಾಲಕರ ಕೆಲಸದ್ದೇ. ಒಂದು ಶೀರ್ಷಿಕೆಯ ಪದಗಳನ್ನು ಒಂದೊಂದಾಗಿ ಸುತ್ತಿಸಿ, ಪ್ರತಿ ಪದವನ್ನೂ ಒಮ್ಮೆ ಮುಂದೆ ತಂದು, ಬಂದ ಸಾಲುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸುವುದು. ನಮ್ಮ ‘ಬೆಟ್ಟದ ಜೀವ’ ಹೀಗೆ ‘ಜೀವ ಬೆಟ್ಟದ’ ಎಂದೂ ಸೂಚಿಯಲ್ಲಿ ಸಿಗುತ್ತದೆ. ಯಾವ ಪದ ನೆನಪಿದ್ದರೂ ಓದುಗ ಪುಸ್ತಕ ಹುಡುಕಿಕೊಳ್ಳಬಹುದು.

ಇದೇ ಕೆಲಸವನ್ನು ಪಾರ್ನಸ್ ಎರಡು ಬಗೆಯಲ್ಲಿ ಒಡೆದು ತೋರಿಸಿದರು. ಮೊದಲನೆಯದು ಯಾರಿಗಾದರೂ ತಟ್ಟನೆ ಹೊಳೆಯುವಂಥದು. ಕೆಲಸ ನಡೆಯುವ ಕ್ರಮದಲ್ಲೇ ಒಂದೊಂದು ಹಂತಕ್ಕೆ ಒಂದೊಂದು ಮಾಡ್ಯೂಲ್: ಓದಿಕೊಳ್ಳುವುದು, ಸುತ್ತಿಸುವುದು, ಜೋಡಿಸುವುದು, ಮುದ್ರಿಸುವುದು, ಇವನ್ನೆಲ್ಲ ನಡೆಸುವ ಯಜಮಾನ. ಎರಡನೆಯ ಬಗೆಯಲ್ಲಿ ಅವರು ಹಂತಗಳನ್ನು ಕೇಳಲಿಲ್ಲ. ಮುಂದೆ ಬದಲಾಗಬಹುದಾದ ತೀರ್ಮಾನ ಯಾವುದು ಎಂದು ಕೇಳಿದರು. ಅಂಥ ಒಂದೊಂದು ತೀರ್ಮಾನವನ್ನೂ ಒಂದೊಂದು ಮಾಡ್ಯೂಲಿನ ಹೊಟ್ಟೆಯಲ್ಲಿ ಮುಚ್ಚಿಟ್ಟರು. ಸಾಲುಗಳು ನೆನಪಿನ ಕೋಶದಲ್ಲಿ ಹೇಗೆ ಕೂತಿವೆ ಎಂಬ ಗುಟ್ಟು ಒಂದೇ ಮಾಡ್ಯೂಲಿಗೆ ಗೊತ್ತು. ಉಳಿದವು ಅದನ್ನು ಕೇಳಿ ಪಡೆಯಬೇಕೇ ಹೊರತು ಒಳಗೆ ಇಣುಕುವಂತಿಲ್ಲ. ಆಮೇಲೆ ಅವರು ಹೋಲಿಸಿದರು. ಸಾಲುಗಳನ್ನು ಇಡುವ ಬಗೆ ಬದಲಾದರೆ ಮೊದಲ ವಿನ್ಯಾಸದಲ್ಲಿ ಎಲ್ಲ ಮಾಡ್ಯೂಲ್‌ಗಳನ್ನೂ ಮುಟ್ಟಬೇಕು. ಎರಡನೆಯದರಲ್ಲಿ ಒಂದನ್ನು ಮುಟ್ಟಿದರೆ ಸಾಕು.

ನನ್ನ ಲೆಕ್ಕದಲ್ಲಿ ಮಾಡ್ಯುಲಾರಿಟಿಯ ಮೊದಲ ಅಳತೆ ಇದೇ. ಇದರಲ್ಲಿ ಸೂತ್ರವಿಲ್ಲ, ದಶಾಂಶವಿಲ್ಲ. ಬರಬಹುದಾದ ಒಂದು ಬದಲಾವಣೆಯ ಹೆಸರು ಹೇಳಿ, ಅದು ಎಷ್ಟು ಕಡೆ ಮುಟ್ಟುತ್ತದೆ ಎಂದು ಎಣಿಸುವುದು. ಮುಂದೆ ಬಂದ ಅಳತೆಗಳೆಲ್ಲ ಈ ಎಣಿಕೆಯನ್ನು ಸುಲಭವಾಗಿಸಲು, ಯಂತ್ರದಿಂದ ಮಾಡಿಸಲು ನಡೆದ ಪ್ರಯತ್ನಗಳು ಎಂದು ನಾನು ತಿಳಿದಿದ್ದೇನೆ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪ್ರಸಿದ್ಧ ಪುಸ್ತಕ ಬರೆದ ಫ್ರೆಡರಿಕ್ ಬ್ರೂಕ್ಸ್ 1975ರಲ್ಲಿ ಪಾರ್ನಸ್ ಅವರ ವಾದವನ್ನು ಒಪ್ಪಿರಲಿಲ್ಲ. ಪ್ರತಿಯೊಬ್ಬ ಪ್ರೋಗ್ರಾಮರ್‌ಗೂ ಎಲ್ಲವೂ ಕಾಣುತ್ತಿರಬೇಕು ಎಂಬುದು ಅವರ ನಿಲುವಾಗಿತ್ತು. ಇಪ್ಪತ್ತು ವರ್ಷದ ನಂತರ, 1995ರ ಆವೃತ್ತಿಯಲ್ಲಿ, ಪಾರ್ನಸ್ ಹೇಳಿದ್ದೇ ಸರಿ, ತಪ್ಪಿದ್ದು ತಾನು ಎಂದು ಅಚ್ಚಿನಲ್ಲೇ ಒಪ್ಪಿಕೊಂಡರು. ದೊಡ್ಡವರ ನಡತೆ ಹೀಗಿರುತ್ತದೆ.

ಪಾರ್ನಸ್ ಬರೆದ ಆ ಕಾಲದಲ್ಲೇ ಲ್ಯಾರಿ ಕಾನ್‌ಸ್ಟಂಟೈನ್ ಎರಡು ಪದಗಳನ್ನು ಕೊಟ್ಟರು: ಕಪ್ಲಿಂಗ್, ಕೊಹೀಶನ್. 1974ರಲ್ಲಿ ಸ್ಟೀವನ್ಸ್ ಮತ್ತು ಮೈಯರ್ಸ್ ಜೊತೆ ಸೇರಿ ಐಬಿಎಂ ಸಂಸ್ಥೆಯ ಪತ್ರಿಕೆಯಲ್ಲಿ ಅವರು ಬರೆದ ಲೇಖನದಿಂದ ಈ ಪದಗಳು ಎಲ್ಲೆಡೆ ಹರಡಿದವು. ನಾನು ಕಪ್ಲಿಂಗನ್ನು ನಂಟು ಎಂದೂ ಕೊಹೀಶನ್ನನ್ನು ಒಗ್ಗಟ್ಟು ಎಂದೂ ಕರೆಯುತ್ತೇನೆ. ಮಾಡ್ಯೂಲ್ ಮಾಡ್ಯೂಲ್‌ಗಳ ನಡುವೆ ನಂಟು ಕಡಿಮೆ ಇರಬೇಕು, ಒಂದೊಂದರ ಒಳಗೆ ಒಗ್ಗಟ್ಟು ಹೆಚ್ಚಿರಬೇಕು. ನಂಟಿನಲ್ಲೂ ತರತಮವಿದೆ. ಬೆಂಗಳೂರಿನ ಹಳೆಯ ವಠಾರ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ಕೇಳಿ ತರುವುದು ಒಂದು ಬಗೆಯ ನಂಟು. ಏನು ಬೇಕು, ಎಷ್ಟು ಬೇಕು ಎಂಬುದು ಇಬ್ಬರಿಗೂ ಸ್ಪಷ್ಟ. ಹತ್ತು ಮನೆಗೆ ಒಂದೇ ನಲ್ಲಿ ಇರುವುದು ಇನ್ನೊಂದು ಬಗೆ. ಒಬ್ಬರು ನೀರು ತಿರುಗಿಸಿ ಮರೆತರೆ ಹತ್ತು ಮನೆಗೂ ತೊಂದರೆ. ತಂತ್ರಾಂಶದಲ್ಲಿ ಎಲ್ಲರೂ ಹಂಚಿಕೊಳ್ಳುವ ಗ್ಲೋಬಲ್ ವೇರಿಯಬಲ್ ಈ ನಲ್ಲಿಯಂತೆ. ಗೋಡೆ ಕೊರೆದು ಪಕ್ಕದವರ ಅಡುಗೆಮನೆಗೇ ಕೈಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಮಾಡ್ಯೂಲ್ ಇನ್ನೊಂದರ ಒಳಗನ್ನೇ ನೇರವಾಗಿ ತಿದ್ದುವ ಆ ನಂಟನ್ನು ಕಾನ್‌ಸ್ಟಂಟೈನ್ ತಮ್ಮ ಪಟ್ಟಿಯ ತಳದಲ್ಲಿಟ್ಟರು. ಆದರೆ ಇವು ಮೆಟ್ಟಿಲುಗಳು ಮಾತ್ರ. ಇದಕ್ಕಿಂತ ಅದು ಮೇಲು ಎನ್ನಬಹುದು, ಎಷ್ಟು ಮೇಲು ಎನ್ನಲಾಗದು.

ಇಲ್ಲಿಂದ ಎರಡನೆಯ ಭಾಗಕ್ಕೆ, ಅಂದರೆ ಅಂಕಿಗಳಿಗೆ ಹೋಗೋಣ. ನಾರ್ವೆಯ ಓಸ್ಲೋದಲ್ಲಿ 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಸಿಮ್ಯುಲಾ ಭಾಷೆಯನ್ನು ಕಟ್ಟಿದರು. ಆಬ್ಜೆಕ್ಟ್ ಓರಿಯೆಂಟೆಡ್ ಪದ್ಧತಿಯ ಮೂಲ ಅಲ್ಲಿದೆ. ಈ ಪದ್ಧತಿಯಲ್ಲಿ ದತ್ತಾಂಶವನ್ನೂ ಅದರ ಮೇಲೆ ನಡೆಯುವ ಕೆಲಸಗಳನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಗಂಟಿನ ಹೆಸರು ಕ್ಲಾಸ್, ಒಳಗಿನ ಕೆಲಸಗಳ ಹೆಸರು ಮೆಥಡ್. ಪಾರ್ನಸ್ ಹೇಳಿದ ಗುಟ್ಟು ಮುಚ್ಚಿಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಡಬ್ಬಿ ಬೇಕೆ ಎಂದು ಎಲ್ಲರೂ ಅಂದುಕೊಂಡರು. ಸಿ++, ಆಮೇಲೆ ಜಾವಾ ಬಂದು ಜಗತ್ತೆಲ್ಲ ಕ್ಲಾಸ್‌ಗಳಿಂದ ತುಂಬಿತು. ಡಬ್ಬಿ ಇದ್ದ ಮಾತ್ರಕ್ಕೆ ಸರಿಯಾದ ವಸ್ತುವನ್ನೇ ಅದರಲ್ಲಿ ತುಂಬಿದ್ದೇವೆ ಎಂದಾಗುವುದಿಲ್ಲ. ನಮ್ಮ ಕ್ಯಾಟಲಾಗ್ ತಂತ್ರಾಂಶವೂ ಕ್ಲಾಸ್‌ಗಳಲ್ಲೇ ಬರೆದದ್ದು ಎಂಬುದನ್ನು ತಾವು ಮರೆಯಬಾರದು.

ಶ್ಯಾಮ್ ಚಿದಂಬರ್ ಮತ್ತು ಕ್ರಿಸ್ ಕೆಮೆರರ್ ಎಂಬ ಇಬ್ಬರು 1991ರಲ್ಲಿ ಒಂದು ಸಮ್ಮೇಳನದಲ್ಲಿ, 1994ರಲ್ಲಿ ಪೂರ್ಣ ಪ್ರಬಂಧವಾಗಿ, ಕ್ಲಾಸ್‌ಗಳಿಗೆಂದೇ ಆರು ಅಳತೆಗಳನ್ನು ಕೊಟ್ಟರು. ಒಂದು ಕ್ಲಾಸಿನಲ್ಲಿ ಎಷ್ಟು ಕೆಲಸದ ಹೊರೆ ಇದೆ, ಒಂದು ಕ್ಲಾಸಿನಿಂದ ಇನ್ನೊಂದು ಹುಟ್ಟುವ ವಂಶವೃಕ್ಷದಲ್ಲಿ ಅದು ಎಷ್ಟು ಆಳದಲ್ಲಿದೆ, ಅದಕ್ಕೆ ಎಷ್ಟು ಮಕ್ಕಳು, ಎಷ್ಟು ಬೇರೆ ಕ್ಲಾಸ್‌ಗಳೊಂದಿಗೆ ಅದಕ್ಕೆ ನಂಟು, ಒಂದು ಸಂದೇಶ ಬಂದರೆ ಒಟ್ಟು ಎಷ್ಟು ಮೆಥಡ್‌ಗಳು ಎಚ್ಚರಗೊಳ್ಳಬಹುದು, ಒಳಗೆ ಒಗ್ಗಟ್ಟು ಎಷ್ಟು ಸಾಲದು. ಮೂರು ದಶಕ ಕಳೆದರೂ ಕೋಡ್ ಪರೀಕ್ಷಿಸುವ ಸಾಧನಗಳಲ್ಲಿ ಈ ಅಳತೆಗಳು ಅಥವಾ ಇವುಗಳ ಮಕ್ಕಳುಮರಿಗಳು ಇದ್ದೇ ಇವೆ. ಆರನ್ನೂ ವಿವರಿಸಲು ಹೋಗುವುದಿಲ್ಲ. ಕೊನೆಯದನ್ನು, ಎಲ್‌ಕಾಮ್ ಎಂದು ಕರೆಯುವ ಒಗ್ಗಟ್ಟಿನ ಕೊರತೆಯ ಅಳತೆಯನ್ನು, ನಿಧಾನವಾಗಿ ಲೆಕ್ಕ ಹಾಕೋಣ. ವಿದ್ಯಾರ್ಥಿಗಳು ಬೇಕಾದರೆ ಕಾಗದ ತೆಗೆದುಕೊಳ್ಳಿ.

‘ಪುಸ್ತಕ’ ಎಂಬ ಒಂದು ಕ್ಲಾಸ್ ಇದೆ. ಅದರಲ್ಲಿ ನಾಲ್ಕು ಮೆಥಡ್. ಮೊದಲನೆಯದು ಅಕಾರಾದಿಯಲ್ಲಿ ಪುಸ್ತಕದ ಜಾಗ ಗೊತ್ತುಮಾಡುತ್ತದೆ. ಅದಕ್ಕೆ ಬೇಕಾದದ್ದು ಶೀರ್ಷಿಕೆ ಮತ್ತು ಲೇಖಕರ ಹೆಸರು. ಎರಡನೆಯದು ಕ್ಯಾಟಲಾಗ್ ಚೀಟಿ ಮುದ್ರಿಸುತ್ತದೆ. ಬೇಕಾದದ್ದು ಶೀರ್ಷಿಕೆ ಮತ್ತು ಕಪಾಟಿನ ಸಂಖ್ಯೆ. ಮೂರನೆಯದು ಪುಸ್ತಕವನ್ನು ಎರವಲು ಕೊಡುತ್ತದೆ. ಸದಸ್ಯರ ಸಂಖ್ಯೆ ಮತ್ತು ಹಿಂದಿರುಗಿಸಬೇಕಾದ ದಿನಾಂಕ. ನಾಲ್ಕನೆಯದು ದಂಡ ಲೆಕ್ಕ ಮಾಡುತ್ತದೆ. ಅದೇ ದಿನಾಂಕ, ಜೊತೆಗೆ ದಿನದ ದಂಡದ ದರ. ಈಗ ಮೆಥಡ್‌ಗಳನ್ನು ಎರಡೆರಡಾಗಿ ಜೋಡಿ ಮಾಡಿ. ನಾಲ್ಕರಿಂದ ಆರು ಜೋಡಿ ಬರುತ್ತವೆ. ಒಂದು-ಎರಡು ಜೋಡಿ ಶೀರ್ಷಿಕೆಯನ್ನು ಹಂಚಿಕೊಂಡಿದೆ, ಮೂರು-ನಾಲ್ಕು ಜೋಡಿ ದಿನಾಂಕವನ್ನು. ಉಳಿದ ನಾಲ್ಕು ಜೋಡಿಗಳಲ್ಲಿ ಹಂಚಿಕೊಂಡದ್ದು ಏನೂ ಇಲ್ಲ. ಹಂಚಿಕೊಳ್ಳದ ಜೋಡಿಗಳಿಂದ ಹಂಚಿಕೊಂಡ ಜೋಡಿಗಳನ್ನು ಕಳೆಯಿರಿ: ನಾಲ್ಕರಲ್ಲಿ ಎರಡು ಹೋದರೆ ಎರಡು. ಕಳೆದಾಗ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಎಂದೇ ಇಟ್ಟುಕೊಳ್ಳಬೇಕು. ನಮ್ಮ ಕ್ಲಾಸಿನ ಎಲ್‌ಕಾಮ್ ಎರಡು. ಈ ಅಂಕಿ ನಮಗೆ ಹೇಳುತ್ತಿರುವುದು ನಿಜವಾದ ಮಾತು. ಇಲ್ಲಿ ಎರಡು ಬೇರೆ ಸಂಸಾರಗಳು ಒಂದೇ ಸೂರಿನಡಿ ಇವೆ. ಪುಸ್ತಕ ಬೇರೆ, ಎರವಲು ಬೇರೆ. ಎರಡು ಕ್ಲಾಸ್ ಮಾಡಿದರೆ ನಾಳೆ ದಂಡದ ನಿಯಮ ಬದಲಾದಾಗ ಪುಸ್ತಕದ ತಂಟೆಗೆ ಹೋಗಬೇಕಾಗುವುದಿಲ್ಲ.

ಇನ್ನೊಂದು ಕ್ಲಾಸ್ ತೆಗೆದುಕೊಳ್ಳಿ. ಅದರಲ್ಲಿ ಐದು ಮೆಥಡ್, ಸರಪಳಿಯಂತೆ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಂದು ಕೊಂಡಿ, ಎರಡನೆಯದಕ್ಕೂ ಮೂರನೆಯದಕ್ಕೂ ಇನ್ನೊಂದು, ಹೀಗೆ ಐದರವರೆಗೆ. ಎಲ್ಲೂ ಕಡಿದಿಲ್ಲ, ಬಿಡಿಸಿದರೆ ಹರಿದೇ ಹೋಗುವಷ್ಟು ಒಗ್ಗಟ್ಟಿನ ಕ್ಲಾಸ್. ಜೋಡಿಗಳು ಹತ್ತು, ಹಂಚಿಕೊಂಡವು ನಾಲ್ಕು, ಹಂಚಿಕೊಳ್ಳದವು ಆರು. ಆರರಲ್ಲಿ ನಾಲ್ಕು ಹೋದರೆ ಎರಡು. ಎರಡು ಸಂಸಾರದ ಕ್ಲಾಸಿಗೂ ಎರಡು, ಒಂದೇ ಸಂಸಾರದ ಕ್ಲಾಸಿಗೂ ಎರಡು. ಸರಪಳಿಗೆ ಇನ್ನೊಂದು ಕೊಂಡಿ ಸೇರಿಸಿ ಆರು ಮೆಥಡ್ ಮಾಡಿದರೆ ಅಂಕಿ ಐದಕ್ಕೆ ಹಾರುತ್ತದೆ. ಕ್ಲಾಸ್ ಕೆಟ್ಟಿಲ್ಲ, ಬೆಳೆದಿದೆ, ಅಷ್ಟೇ.

ಈ ಕುಂದನ್ನು ಹಲವರು ಗುರುತಿಸಿದರು. ವಿಯೆನ್ನಾದ ಮಾರ್ಟಿನ್ ಹಿಟ್ಸ್ ಮತ್ತು ಬೆಹ್ಜಾದ್ ಮೊಂತಾಜೆರಿ 1990ರ ದಶಕದ ನಡುವಿನಲ್ಲಿ ಹೇಳಿದ ಪರಿಹಾರ ನನಗೆ ತುಂಬ ಇಷ್ಟ. ಜೋಡಿಗಳನ್ನು ಕಳೆಯುವ ಕೂಡುವ ಗೊಡವೆ ಬೇಡ, ಕೊಂಡಿ ಹಿಡಿದು ನಡೆದು ಎಷ್ಟು ಬೇರೆ ಬೇರೆ ಗುಂಪುಗಳಾಗುತ್ತವೆ ಎಂದಷ್ಟೇ ಎಣಿಸಿ. ನಮ್ಮ ‘ಪುಸ್ತಕ’ಕ್ಕೆ ಎರಡು ಬರುತ್ತದೆ, ಸರಪಳಿ ಎಷ್ಟೇ ಉದ್ದವಿದ್ದರೂ ಒಂದೇ. ಈಗ ಅಂಕಿ ನೋಡಿದೊಡನೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಒಳ್ಳೆಯ ಅಳತೆಯ ಲಕ್ಷಣ ಇದು ಎಂದು ನಾನು ನಂಬಿದ್ದೇನೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಬರೆದ ಸಿ++ ತಂತ್ರಾಂಶಗಳನ್ನು ಇಟ್ಟುಕೊಂಡು ಬಸಿಲಿ, ಬ್ರಿಯಾಂಡ್ ಮತ್ತು ಮೆಲೊ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಚಿದಂಬರ್-ಕೆಮೆರರ್ ಅಳತೆಗಳಲ್ಲಿ ಹೆಚ್ಚಿನವು ದೋಷವಿರುವ ಕ್ಲಾಸ್‌ಗಳನ್ನು ಮೊದಲೇ ಗುರುತಿಸಲು ನೆರವಾದವು, ಎಲ್‌ಕಾಮ್ ನೆರವಾಗಲಿಲ್ಲ.

ಹಾಗಾದರೆ ನಂಟಿನ ಅಳತೆ? ಒಂದು ಕ್ಲಾಸ್ ಎಷ್ಟು ಬೇರೆ ಕ್ಲಾಸ್‌ಗಳನ್ನು ಕರೆಯುತ್ತದೆ ಅಥವಾ ಬಳಸುತ್ತದೆ ಎಂಬ ಎಣಿಕೆ ಸರಳ, ಉಪಯುಕ್ತವೂ ಹೌದು. ಅದಕ್ಕೆ ಎರಡು ತೊಡಕುಗಳಿವೆ. ದೊಡ್ಡ ಕ್ಲಾಸಿಗೆ ಸಹಜವಾಗಿಯೇ ನಂಟು ಹೆಚ್ಚು, ದೋಷವೂ ಹೆಚ್ಚು. ಖಾಲಿದ್ ಎಲ್ ಎಮಾಮ್ ಮತ್ತು ಸಂಗಡಿಗರು 2001ರಲ್ಲಿ ಇದನ್ನೇ ಕೆದಕಿದರು. ಅವರು ಪರೀಕ್ಷಿಸಿದ ತಂತ್ರಾಂಶದಲ್ಲಿ ಗಾತ್ರದ ಪ್ರಭಾವವನ್ನು ಬದಿಗಿಟ್ಟು ನೋಡಿದಾಗ, ದೋಷಕ್ಕೂ ಈ ಅಳತೆಗಳಿಗೂ ಇದ್ದ ಸಂಬಂಧ ಕರಗಿಹೋಯಿತು. ಇದು ತಳ್ಳಿಹಾಕುವ ಮಾತಲ್ಲ. ನಂಟನ್ನು ಅಳೆಯುತ್ತೇನೆಂದು ಹೊರಟು ಬರಿಯ ಗಾತ್ರವನ್ನು ಅಳೆದು ಬರುತ್ತಿದ್ದೇವೆಯೇ ಎಂದು ಪ್ರತಿ ಸಲ ಕೇಳಿಕೊಳ್ಳಬೇಕು.

ಎರಡನೆಯ ತೊಡಕು ಇನ್ನೂ ಆಳದ್ದು. ನಮ್ಮ ಹಳೆಯ ಕ್ಯಾಟಲಾಗ್‌ಗೇ ಮರಳುತ್ತೇನೆ. ಅದರಲ್ಲಿ ಜೋಡಣೆಯ ಕ್ಲಾಸ್ ಚೀಟಿ ಮುದ್ರಣದ ಕ್ಲಾಸನ್ನು ಕರೆಯುತ್ತಿರಲಿಲ್ಲ. ಮುದ್ರಣವೂ ಜೋಡಣೆಯನ್ನು ಕರೆಯುತ್ತಿರಲಿಲ್ಲ. ಅವುಗಳ ನಡುವಿನ ನಂಟು ಎಷ್ಟೆಂದು ಯಂತ್ರವನ್ನು ಕೇಳಿದರೆ ಸೊನ್ನೆ ಎನ್ನುತ್ತಿತ್ತು. ಆದರೆ ಅರ್ಕಾವೊತ್ತು ಕೊನೆಗೆ ಬರುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ ಎರಡೂ ನಿಂತಿದ್ದವು. ಒಂದು ಬದಲಾದರೆ ಇನ್ನೊಂದು ಬದಲಾಗಲೇಬೇಕು. ಮಾತುಕತೆ ಇಲ್ಲದ ಅಣ್ಣತಮ್ಮಂದಿರ ಹಾಗೆ: ಒಬ್ಬರ ಮನೆಗೊಬ್ಬರು ಹೋಗುವುದಿಲ್ಲ, ಆದರೆ ಸೂತಕ ಇಬ್ಬರಿಗೂ ತಪ್ಪಿದ್ದಲ್ಲ. ಮೈಲಿರ್ ಪೇಜ್-ಜೋನ್ಸ್ 1992ರಲ್ಲಿ ಇದಕ್ಕೆ ಒಂದು ಹೆಸರಿಟ್ಟರು. ಲ್ಯಾಟಿನ್ ಮೂಲದ ಆ ಹೆಸರಿನ ಅರ್ಥ ಜೊತೆಯಲ್ಲಿ ಹುಟ್ಟಿದ್ದು ಎಂದು. ನಾನು ಒಡಹುಟ್ಟು ಎನ್ನುತ್ತೇನೆ. ಕೋಡ್ ಓದಿ ಒಡಹುಟ್ಟನ್ನು ಕಂಡುಹಿಡಿಯುವುದು ಕಷ್ಟ. ಇತಿಹಾಸ ಓದಿದರೆ ಸಿಗುತ್ತದೆ. ಹರಾಲ್ಡ್ ಗಾಲ್ ಮತ್ತು ಜೊತೆಗಾರರು 1998ರಲ್ಲಿ ದೂರಸಂಪರ್ಕ ಸ್ವಿಚಿಂಗ್ ತಂತ್ರಾಂಶವೊಂದರ ಬಿಡುಗಡೆಗಳ ಚರಿತ್ರೆಯನ್ನು ತೆರೆದು, ಯಾವ ಭಾಗಗಳು ಮತ್ತೆ ಮತ್ತೆ ಒಟ್ಟಿಗೇ ಬದಲಾಗಿವೆ ಎಂದು ನೋಡಿದರು. ಇಂದು ತಿದ್ದುಪಡಿಗಳ ದಾಖಲೆ ಇಡುವ ಗಿಟ್ ಬಳಸುವ ಪ್ರತಿ ತಂಡದ ಭಂಡಾರದಲ್ಲೂ ಈ ಚರಿತ್ರೆ ಇದೆ. ಹತ್ತು ಸಲ ತಿದ್ದಿದಾಗ ಎಂಟು ಸಲ ಎರಡು ಕಡತಗಳು ಜೊತೆಯಾಗಿಯೇ ತಿದ್ದುಪಡಿಯಾಗಿದ್ದರೆ, ಅವುಗಳ ನಡುವೆ ಕರೆ ಇರಲಿ ಬಿಡಲಿ, ಅವು ಒಡಹುಟ್ಟಿದವು.

ಇನ್ನು ಮೂರನೆಯ ಭಾಗ. ಒಂದೊಂದು ಕ್ಲಾಸನ್ನು ಬಿಟ್ಟು ಇಡೀ ಕಟ್ಟಡವನ್ನು ನೋಡೋಣ. ಒಂದು ದೊಡ್ಡ ಚೌಕ ಎಳೆಯಿರಿ. ಎಡಗಡೆ ಎಲ್ಲ ಕಡತಗಳ ಹೆಸರು, ಮೇಲುಗಡೆಯೂ ಅದೇ ಹೆಸರುಗಳು. ಒಂದು ಕಡತ ಇನ್ನೊಂದನ್ನು ನೆಚ್ಚಿದ್ದರೆ ಆ ಮನೆಯಲ್ಲಿ ಒಂದು ಚುಕ್ಕಿ. ನೇರ ನೆಚ್ಚಿಕೆ ಮುಗಿದ ಮೇಲೆ ಪರೋಕ್ಷವಾದವನ್ನೂ ಹಾಕಿ: ‘ಅ’ ಕಡತ ‘ಆ’ವನ್ನು ನೆಚ್ಚಿ, ‘ಆ’ ಕಡತ ‘ಇ’ಯನ್ನು ನೆಚ್ಚಿದ್ದರೆ, ‘ಇ’ಗೆ ಬಂದ ಜ್ವರ ‘ಅ’ಗೂ ತಗಲಬಹುದು. ಕೊನೆಗೆ ಚೌಕದ ಎಷ್ಟು ಪಾಲು ತುಂಬಿತು ಎಂದು ನೋಡಿ. ಅಲನ್ ಮ್ಯಾಕ್‌ಕಾರ್ಮ್ಯಾಕ್, ಜಾನ್ ರಸ್ನಾಕ್ ಮತ್ತು ಕಾರ್ಲಿಸ್ ಬಾಲ್ಡ್‌ವಿನ್ 2006ರಲ್ಲಿ ಈ ಅಳತೆಯಿಂದ ಲಿನಕ್ಸ್ ಮತ್ತು ಮೊಜಿಲ್ಲಾಗಳನ್ನು ಹೋಲಿಸಿದರು. ಲಿನಕ್ಸ್ ಕ್ಲಾಸ್‌ಗಳಲ್ಲಿ ಬರೆದದ್ದಲ್ಲ ಎಂಬುದು ನಿಜ, ಆದರೆ ಚೌಕಕ್ಕೆ ಕಡತಗಳಿದ್ದರೆ ಸಾಕು.

ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡನ್ನು 1998ರ ಮಾರ್ಚ್ 31ರಂದು ಲೋಕಕ್ಕೆ ತೆರೆದಿಟ್ಟಿತು. ಅದೇ ಮೊಜಿಲ್ಲಾ. ಆ ಹೊತ್ತಿನ ಸುಮಾರು 1,700 ಕಡತಗಳಲ್ಲಿ ಈ ಅಳತೆ ಶೇಕಡಾ 17ರಷ್ಟಿತ್ತು. ಸರಾಸರಿ ಒಂದು ಕಡತವನ್ನು ಮುಟ್ಟಿದರೆ ಅದರ ಅಲೆ ಮುನ್ನೂರರ ಹತ್ತಿರದಷ್ಟು ಕಡತಗಳನ್ನು ತಟ್ಟಬಹುದು ಎಂದರ್ಥ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಲಿನಕ್ಸ್‌ನಲ್ಲಿ ಅದು ಶೇಕಡಾ 6ಕ್ಕಿಂತ ಕಡಿಮೆ. ಹೊರಗಿನಿಂದ ಬಂದ ಉತ್ಸಾಹಿಗಳು ಮೊಜಿಲ್ಲಾದಲ್ಲಿ ಕೈಯಾಡಿಸಲು ಏಕೆ ಹೆದರಿದರು ಎಂಬುದು ಈ ಒಂದು ಅಂಕಿಯಲ್ಲಿ ಕಾಣುತ್ತದೆ. ಅದೇ ವರ್ಷ ಮೊಜಿಲ್ಲಾ ತಂಡ ಕೋಡನ್ನು ಮರುವಿನ್ಯಾಸ ಮಾಡಿತು. ವರ್ಷದ ಕೊನೆಯ ಹೊತ್ತಿಗೆ ಅಳತೆ ಶೇಕಡಾ 3ಕ್ಕಿಂತ ಕೆಳಗಿಳಿದಿತ್ತು. ಈ ಅಧ್ಯಯನವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಎತ್ತಿಕೊಳ್ಳುತ್ತೇನೆ. ಕೆಟ್ಟ ಮಾಡ್ಯುಲಾರಿಟಿ ಹಣೆಬರಹವಲ್ಲ, ಮನಸ್ಸು ಮಾಡಿದರೆ ತಿದ್ದಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ. ಜೊತೆಗೆ ಇದನ್ನೂ ಹೇಳುತ್ತೇನೆ: ಅಂಕಿ ತಿಂಗಳುಗಳಲ್ಲಿ ಸುಧಾರಿಸಿತು, ಮೊಜಿಲ್ಲಾದ 1.0 ಆವೃತ್ತಿ ಹೊರಬಂದದ್ದು ಮಾತ್ರ 2002ರ ಜೂನ್‌ನಲ್ಲಿ.

ಮೊಜಿಲ್ಲಾ ಮತ್ತು ಲಿನಕ್ಸ್ ಅಳತೆಗಳ ನಡುವೆ ಮೊದಲು ಅಷ್ಟು ಅಂತರ ಏಕಿತ್ತು? ನೆಟ್‌ಸ್ಕೇಪ್‌ನ ಪ್ರೋಗ್ರಾಮರ್‌ಗಳು ಒಂದೇ ಸಂಸ್ಥೆಯಲ್ಲಿ, ಅಕ್ಕಪಕ್ಕದಲ್ಲಿ ಕೂತು ಬರೆದವರು. ಸಂಶಯ ಬಂದರೆ ಎದ್ದುಹೋಗಿ ಕೇಳಬಹುದಿತ್ತು. ಲಿನಕ್ಸ್ ಬರೆದವರು ದೇಶ ದೇಶಗಳಲ್ಲಿ ಚದುರಿದ್ದವರು. ಒಬ್ಬರ ಒಳಗುಟ್ಟು ಇನ್ನೊಬ್ಬರಿಗೆ ಬೇಕಾಗದ ಹಾಗೆ ಬರೆಯದೆ ಅವರಿಗೆ ಗತ್ಯಂತರವಿರಲಿಲ್ಲ. ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದರು: ಒಂದು ಸಂಸ್ಥೆಯೊಳಗಿನ ಮಾತುಕತೆಯ ಹಾದಿಗಳು ಹೇಗಿರುತ್ತವೋ ಅದು ಕಟ್ಟುವ ವ್ಯವಸ್ಥೆಯ ಆಕಾರವೂ ಹಾಗೆಯೇ ಇರುತ್ತದೆ ಎಂದು.

ನಮ್ಮೂರಿನಲ್ಲೂ ಈ ವಿಷಯದಲ್ಲಿ ಒಳ್ಳೆಯ ಕೆಲಸ ನಡೆದಿದೆ, ಅದನ್ನು ಹೇಳಲು ನನಗೆ ಸಂತೋಷ. ಬೆಂಗಳೂರಿನ ಉದ್ಯಮ ಸಂಶೋಧನಾಲಯಗಳಲ್ಲಿದ್ದ ಸಂತನು ಸರ್ಕಾರ್, ಗಿರೀಶ್ ಮಾಸ್ಕೇರಿ ರಾಮ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅವಿನಾಶ್ ಕಾಕ್ 2007 ಮತ್ತು 2008ರಲ್ಲಿ ಪ್ರಕಟಿಸಿದ ಪ್ರಬಂಧಗಳು ದೊಡ್ಡ ತಂತ್ರಾಂಶಗಳ ಅಳತೆಯನ್ನೇ ಗುರಿಯಾಗಿಟ್ಟುಕೊಂಡವು. ಸಾವಿರಾರು ಕ್ಲಾಸ್ ಇರುವ ಕಡೆ ಒಂದೊಂದು ಕ್ಲಾಸನ್ನು ಅಳೆದು ಏನು ಪ್ರಯೋಜನ ಎಂಬುದು ಅವರ ಪ್ರಶ್ನೆ. ಕ್ಲಾಸ್‌ಗಳನ್ನು ಗುಂಪು ಕಟ್ಟಿ ಮಾಡ್ಯೂಲ್ ಮಾಡಿರುತ್ತೇವೆ. ಪ್ರತಿ ಮಾಡ್ಯೂಲಿಗೂ ಹೊರಗಿನವರು ಬರಬೇಕಾದ ಒಂದು ಬಾಗಿಲು ಇರುತ್ತದೆ. ಬಂದವರು ಬಾಗಿಲಿನಿಂದ ಬರುತ್ತಿದ್ದಾರೆಯೇ, ಹಿತ್ತಲಿನಿಂದ ನುಗ್ಗುತ್ತಿದ್ದಾರೆಯೇ? ಒಂದು ಮಾಡ್ಯೂಲಿನ ಕ್ಲಾಸ್ ಇನ್ನೊಂದರ ಕ್ಲಾಸಿಗೆ ಮಗುವಾಗಿ ಹುಟ್ಟಿ, ತಾಯಿಯಲ್ಲಿ ಆದ ಸಣ್ಣ ಬದಲಾವಣೆಗೂ ನಲುಗುತ್ತಿದೆಯೇ? ಇವನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಗಳಾಗಿ ಅವರು ಕಟ್ಟಿಕೊಟ್ಟರು. ಅವರ ಕೆಲಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಳತೆಗೋಲನ್ನೇ ಅಳೆದ ರೀತಿ. ಅನುಭವಿಗಳು ಮಾಡ್ಯೂಲ್ ಮಾಡಿದ ತಂತ್ರಾಂಶವನ್ನು ತೆಗೆದುಕೊಂಡು, ಅದರ ಗುಂಪುಗಳನ್ನು ಬೇಕೆಂದೇ ಕಲಸಿದರು. ಕಲಸಿದ ಮೇಲೆ ಅಂಕಿ ಇಳಿಯದಿದ್ದರೆ ಆ ಅಳತೆಗೆ ಕಣ್ಣಿಲ್ಲ ಎಂದೇ ಲೆಕ್ಕ.

ಕೊನೆಯ ಭಾಗಕ್ಕೆ ಬಂದೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಸಲಹೆಗಾರನಾಗಿ ಹೋಗಿದ್ದೆ. ಯಾವ ಕ್ಲಾಸಿಗೂ ಇಂತಿಷ್ಟಕ್ಕಿಂತ ಹೆಚ್ಚು ನಂಟು ಇರಕೂಡದು, ಇದ್ದರೆ ಆ ಕೋಡನ್ನು ಯಂತ್ರವೇ ಹಿಂದಕ್ಕೆ ಕಳಿಸುತ್ತದೆ ಎಂಬ ನಿಯಮ ಅಲ್ಲಿ ಆಗಷ್ಟೇ ಬಂದಿತ್ತು. ಉದ್ದೇಶ ಒಳ್ಳೆಯದೇ. ಆರು ತಿಂಗಳಲ್ಲಿ ಎಲ್ಲ ಅಂಕಿಗಳೂ ಹಸಿರಾದವು. ಹೇಗೆಂದು ಕೋಡ್ ತೆರೆದು ನೋಡಿದೆ. ಮೊದಲು ‘ಎರವಲು’, ‘ಸದಸ್ಯ’, ‘ದರ’ ಎಂಬಂಥ ಕ್ಲಾಸ್‌ಗಳನ್ನು ಹೆಸರು ಹಿಡಿದು ಕಳಿಸುತ್ತಿದ್ದ ಕಡೆಗಳಲ್ಲೆಲ್ಲ ಈಗ ಒಂದು ಜೋಳಿಗೆ ಓಡಾಡುತ್ತಿತ್ತು. ಯಾರು ಏನು ಬೇಕಾದರೂ ಒಂದು ಹೆಸರಿನ ಚೀಟಿ ಅಂಟಿಸಿ ಅದರಲ್ಲಿ ಹಾಕಬಹುದು, ಆ ಹೆಸರು ಕೂಗಿ ತೆಗೆಯಬಹುದು. ಪ್ರತಿ ಕ್ಲಾಸಿಗೂ ಜೋಳಿಗೆಯೊಂದರ ಜೊತೆಗೆ ಮಾತ್ರ ನಂಟು, ಅಂಕಿ ಒಂದು. ಒಮ್ಮೆ ಹಾಕಿದವರು ಹೆಸರಿನ ನಡುವೆ ಅಡಿಗೆರೆ ಇಟ್ಟಿದ್ದರು, ತೆಗೆಯುವವರು ಇಡಲಿಲ್ಲ. ಕಂಪೈಲರ್‌ಗೆ ಇದು ಕಾಣುವುದಿಲ್ಲ. ತಪ್ಪು ಬಯಲಾಗುವ ಹೊತ್ತಿಗೆ ವಾರಗಟ್ಟಲೆ ಲೆಕ್ಕಗಳು ಖಾಲಿಯಾಗಿಯೇ ಬರೆದುಕೊಂಡಿದ್ದವು. ನಂಟು ಎಲ್ಲಿಯೂ ಹೋಗಿರಲಿಲ್ಲ. ಕಾಣುವ ಜಾಗದಿಂದ ಕಾಣದ ಜಾಗಕ್ಕೆ ಸರಿದಿತ್ತು. ಆ ಹುಡುಗ ಹುಡುಗಿಯರನ್ನು ನಾನು ದೂರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಯಂತ್ರ ಕೋಡನ್ನು ಹಿಂದಕ್ಕೆ ಕಳಿಸುತ್ತಿದ್ದರೆ, ಬೆಳಗ್ಗೆ ಕೊಡಲೇಬೇಕಾದ ಕೆಲಸವಿದ್ದರೆ, ಯಾರಾದರೂ ಹಾಗೆಯೇ ಮಾಡುತ್ತಾರೆ. ಅಂಕಿಯನ್ನು ತೀರ್ಪಿನ ಹಾಗೆ ಬಳಸಿದರೆ ಜನ ಅಂಕಿಯನ್ನು ಗೆಲ್ಲುತ್ತಾರೆ. ಪ್ರಶ್ನೆಯ ಹಾಗೆ ಬಳಸಬೇಕಿತ್ತು: ಈ ಕ್ಲಾಸಿಗೆ ಇಷ್ಟು ನಂಟು ಏಕೆ ಬೇಕಾಯಿತು, ಬಾ, ಕೂತು ನೋಡೋಣ ಎಂದು.

ಹೀಗಾಗಿ ತರಗತಿಯಲ್ಲಿ ನಾನು ಪಾರ್ನಸ್ ಅವರ ಹಳೆಯ ಎಣಿಕೆಯಿಂದಲೇ ಆರಂಭಿಸುತ್ತೇನೆ. ಕೋಡ್ ಬರೆಯುವ ಮೊದಲು, ಮುಂದಿನ ಐದು ವರ್ಷದಲ್ಲಿ ಬರಬಹುದಾದ ಹತ್ತು ಬದಲಾವಣೆಗಳ ಪಟ್ಟಿ. ಪ್ರತಿಯೊಂದರ ಎದುರು ಮುಟ್ಟಬೇಕಾದ ಕ್ಲಾಸ್‌ಗಳ ಸಂಖ್ಯೆ. ಆಮೇಲೆ ಯಂತ್ರದ ಅಂಕಿಗಳು, ಆಮೇಲೆ ಚರಿತ್ರೆ. ಕ್ಯಾಟಲಾಗ್‌ಗೆ ಹೊಸ ರೂಪ ಕೊಡುತ್ತಿದ್ದ ವಿದ್ಯಾರ್ಥಿಗಳ ತಂಡಕ್ಕೆ ಈ ಕೆಲಸ ಹೇಳಿದೆ. ಯೂನಿಕೋಡ್ ಸಂಖ್ಯೆಯ ಕ್ರಮದಲ್ಲಿ ಳಕಾರ ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರವಾದ ಮೇಲೆ, ಕೊನೆಗೆ. ಹಾಗೆಯೇ ಬಿಟ್ಟರೆ ‘ಬಳೆ’ ‘ಬಸವ’ನಿಗಿಂತ ಮುಂದೆ ಬರುತ್ತದೆ. ಇದನ್ನು ಅವರು ಮೊದಲೇ ಕಂಡುಕೊಂಡು, ಅಕ್ಷರಗಳ ಕ್ರಮವನ್ನು ಒಂದೇ ಕ್ಲಾಸಿನ ಒಳಗೆ ಮುಚ್ಚಿಟ್ಟಿದ್ದರು. ಪಟ್ಟಿಯ ಏಳನೆಯ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಬರೆದಳು: ಹಳಗನ್ನಡದ ಱ ಮತ್ತು ೞ ಇರುವ ಶೀರ್ಷಿಕೆಗಳು ಬಂದರೆ? ಎಷ್ಟು ಕ್ಲಾಸ್ ಎಂದು ಕೇಳಿದೆ. ಒಂದು ಎಂದಳು. ಮಾಡಿ ನೋಡಿ ಎಂದೆ. ಮರುವಾರ ಬಂದು ಸಂಖ್ಯೆಯನ್ನು ಹೊಡೆದುಹಾಕಿ ಎರಡು ಎಂದು ತಿದ್ದಿದಳು. ಜೋಡಣೆ ಒಂದೇ ಕಡೆ ಮುಗಿದಿತ್ತು. ಮುದ್ರಣಕ್ಕೆ ಬಳಸಿದ ಅಚ್ಚಕ್ಷರದಲ್ಲಿ ೞ ಇರಲಿಲ್ಲ. ಚೀಟಿಯಲ್ಲಿ ಆ ಜಾಗದಲ್ಲಿ ಒಂದು ಖಾಲಿ ಚೌಕ ಮುದ್ರಣವಾಗಿತ್ತು. ಆ ಚೀಟಿಯನ್ನು ಅವಳು ಪಟ್ಟಿಗೆ ಪಿನ್ನು ಹಾಕಿ ಕೊಟ್ಟಿದ್ದಾಳೆ. ಎಂಟನೆಯ ಸಾಲನ್ನು ಈಗ ಎಣಿಸುತ್ತಿದ್ದಾರೆ.